ಕುಂಬಳೆ ಹತ್ತಿರ ಹೊಸ ಮನೆ: ಎಲ್ಲ ಕಿಟಕಿಗೂ ಡಬಲ್ ಗ್ಲಾಸ್ ಬೇಕಾ?

ಕುಂಬಳೆ ಹೊಸಮನೆ

ಎಲ್ಲರಿಗೂ ನಮಸ್ಕಾರ. ಕುಂಬಳೆಯಿಂದ ಸ್ವಲ್ಪ ಒಳಗೆ, ಅನಂತಪುರ ದೇವಸ್ಥಾನದ ಕಡೆ ಹೋಗುವ ದಾರಿಯಲ್ಲಿ ಮನೆ ಕಟ್ಟಿಸುತ್ತಾ ಇದ್ದೇವೆ. ಕೆಂಪುಕಲ್ಲಿನ ಗೋಡೆ ಎದ್ದಿದೆ, ಟೆರೇಸಿನ ಕಾಂಕ್ರೀಟ್ ಆಗಿದೆ. ಈಗ ಕಿಟಕಿಯ ಸರದಿ. ನಾನು ಮತ್ತು ಹೆಂಡತಿ ಇರುವುದು ಅಬುಧಾಬಿಯಲ್ಲಿ. ಹೊಸ ಮನೆಯಲ್ಲಿ ಸದ್ಯಕ್ಕೆ ಇರುವವರು ಅಪ್ಪ, ಅಮ್ಮ.

ಇಲ್ಲಿನ ಫ್ಲಾಟಿನಲ್ಲಿ ಎಲ್ಲ ಕಿಟಕಿಗೂ ಎರಡು ಪದರದ ಗಾಜು. ಹೊರಗೆ 45 ಡಿಗ್ರಿ ಇದ್ದರೂ ಒಳಗಿನಿಂದ ಗಾಜು ಮುಟ್ಟಿದರೆ ಅಷ್ಟು ಬಿಸಿ ಅನಿಸುವುದಿಲ್ಲ. ಊರಿನಲ್ಲಿ ಏಪ್ರಿಲ್, ಮೇ ತಿಂಗಳ ಸೆಖೆಗೆ ಅಪ್ಪನಿಗೆ ರಾತ್ರಿ ನಿದ್ದೆಯೇ ಬರುವುದಿಲ್ಲ. ಹಾಗಾಗಿ ಮನೆ ಪೂರ್ತಿ ಡಬಲ್ ಗ್ಲಾಸ್ ಹಾಕಿಸಿಬಿಡುವ ಅಂತ ಯೋಚನೆ. ಮಂಗಳೂರಿನ ಒಬ್ಬರು ಕೊಟ್ಟ ದರ ಸಾದಾ ಗಾಜಿನ ಮೂರು ಪಟ್ಟಿಗೂ ಜಾಸ್ತಿ ಉಂಟು. ಒಮ್ಮೆ ಖರ್ಚು ಮಾಡಿದರೆ ಕರೆಂಟ್ ಬಿಲ್ಲಿನಲ್ಲಿ ವಾಪಸ್ ಬರುತ್ತದೆ ಅಂತ ಅವರು ಹೇಳುತ್ತಾರೆ.

ಪಶ್ಚಿಮಕ್ಕೆ ಎರಡು ಬೆಡ್‌ರೂಮ್. ಎರಡಕ್ಕೂ ಎಸಿ ಬರುತ್ತದೆ. ಹಾಲ್ ಮತ್ತು ಜಗಲಿ ಪೂರ್ವಕ್ಕೆ, ಊಟದ ಕೋಣೆ ದಕ್ಷಿಣಕ್ಕೆ. ಹೆದ್ದಾರಿ ದೂರ, ಸದ್ದಿನ ತೊಂದರೆ ಇಲ್ಲ. ಈ ದುಡ್ಡು ಹಾಕುವುದು ಸರಿಯಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಪೆರ್ಲದ ಅಕ್ಕ

ತಮ್ಮಾ, ಒಂದು ಮಾತು ಕೇಳುತ್ತೇನೆ. ಅಪ್ಪ ಅಮ್ಮ ಕಿಟಕಿ ಮುಚ್ಚಿ ಕೂರುವವರಾ? ನಮ್ಮ ಮನೆಯಲ್ಲಿ ಅತ್ತೆ ಬೆಳಿಗ್ಗೆ ಎದ್ದ ಕೂಡಲೇ ಮಾಡುವ ಮೊದಲ ಕೆಲಸ ಎಲ್ಲ ಕಿಟಕಿ ತೆರೆಯುವುದು. ಸಂಜೆ ಸೊಳ್ಳೆ ಬರುವ ಹೊತ್ತಿಗೆ ಮುಚ್ಚುವುದು. ತೆರೆದಿಟ್ಟ ಕಿಟಕಿಗೆ ಒಂದು ಗಾಜು ಇದ್ದರೂ ಒಂದೇ, ಎರಡು ಇದ್ದರೂ ಒಂದೇ ಅಲ್ವಾ? ಆ ದುಡ್ಡಿನಲ್ಲಿ ಎಲ್ಲ ಕಿಟಕಿಗೂ ಒಳ್ಳೆಯ ಸೊಳ್ಳೆ ಬಲೆ ಹಾಕಿಸಿ. ಬಲೆ ಇದ್ದರೆ ರಾತ್ರಿಯೂ ತೆರೆದಿಡಬಹುದು.

ಮುಳ್ಳೇರಿಯ ಭಾವ

ಅಕ್ಕ ಹೇಳಿದ್ದು ಸರಿ. ಆದರೆ ಬೆಡ್‌ರೂಮಿಗೆ ಎಸಿ ಹಾಕುತ್ತಾರಂತೆ, ಅಲ್ಲಿ ಮುಚ್ಚಲೇಬೇಕು. ನನಗೆ ತಿಳಿದ ಮಟ್ಟಿಗೆ ಡಬಲ್ ಗ್ಲಾಸ್ ಹಾಕಿದರೆ ಬಿಸಿ ಅರ್ಧಕ್ಕೆ ಇಳಿಯುತ್ತದೆ. ಹಾಕಿಸುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಬದಿಯಡ್ಕ ಇಂಜಿನಿಯರ್

ಭಾವ, ಆ "ಅರ್ಧ" ಎನ್ನುವ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಅಂಗಡಿಯವರು ಹೇಳುವುದೂ ಅದನ್ನೇ. ಸುಳ್ಳಲ್ಲ. ಆದರೆ ಯಾವುದರ ಅರ್ಧ ಅಂತ ಅವರು ಹೇಳುವುದಿಲ್ಲ.

ಕಿಟಕಿಯಿಂದ ಬಿಸಿ ಎರಡು ದಾರಿಯಲ್ಲಿ ಒಳಗೆ ಬರುತ್ತದೆ. ಒಂದು, ಹೊರಗಿನ ಗಾಳಿ ಬಿಸಿ, ಒಳಗೆ ತಂಪು, ಆ ವ್ಯತ್ಯಾಸಕ್ಕೆ ಗಾಜಿನ ಮೂಲಕ ದಾಟುವುದು. ಇದನ್ನು ಅಳೆಯುವ ಸಂಖ್ಯೆಗೆ ಯು-ವ್ಯಾಲ್ಯೂ ಅನ್ನುತ್ತಾರೆ. ಇನ್ನೊಂದು, ಬಿಸಿಲು ನೇರವಾಗಿ ಗಾಜಿನ ಮೂಲಕ ಕೋಣೆಗೆ ನುಗ್ಗುವುದು. ಅದರ ಸಂಖ್ಯೆ ಎಸ್‌ಎಚ್‌ಜಿಸಿ. ಗಾಜಿನ ಮೇಲೆ ಬಿದ್ದ ಬಿಸಿಲಿನ ಶಾಖದಲ್ಲಿ ಎಷ್ಟು ಪಾಲು ಒಳಗೆ ಬರುತ್ತದೆ ಅನ್ನುವುದನ್ನು ಅದು ಹೇಳುತ್ತದೆ. 0.80 ಅಂದರೆ ನೂರಕ್ಕೆ ಎಂಬತ್ತು ಪಾಲು ಒಳಗೆ.

ಸಾದಾ 6 ಮಿಮೀ ಗಾಜಿನ ಯು-ವ್ಯಾಲ್ಯೂ ಸುಮಾರು 5.7. ನಡುವೆ 12 ಮಿಮೀ ಜಾಗ ಬಿಟ್ಟು ಎರಡು ಸಾದಾ ಗಾಜು ಹಾಕಿದರೆ ಅದು 2.8ರ ಹತ್ತಿರಕ್ಕೆ ಇಳಿಯುತ್ತದೆ. ಅರ್ಧ ಆದದ್ದು ಇದು. ಆದರೆ ಎಸ್‌ಎಚ್‌ಜಿಸಿ ನೋಡಿ. ಒಂಟಿ ಸಾದಾ ಗಾಜಿಗೆ ಸುಮಾರು 0.82, ಡಬಲ್ ಸಾದಾ ಗಾಜಿಗೆ ಸುಮಾರು 0.70. ಇಲ್ಲಿ ಅಂಥ ದೊಡ್ಡ ಇಳಿಕೆ ಏನೂ ಇಲ್ಲ.

ಈಗ ನಿಮ್ಮ ಪಶ್ಚಿಮದ ಬೆಡ್‌ರೂಮಿಗೆ ಲೆಕ್ಕ ಹಾಕುವ. ಕಿಟಕಿಯ ಗಾಜು 2 ಚದರ ಮೀಟರ್ ಅಂತ ಇಟ್ಟುಕೊಳ್ಳಿ. ಏಪ್ರಿಲಿನ ಮಧ್ಯಾಹ್ನ ಹೊರಗೆ 33 ಡಿಗ್ರಿ, ಒಳಗೆ ಎಸಿ 25 ಡಿಗ್ರಿ. ವ್ಯತ್ಯಾಸ 8. ಒಂಟಿ ಗಾಜಿನ ಮೂಲಕ ದಾಟುವ ಶಾಖ 5.7 ಗುಣಿಸು 2 ಗುಣಿಸು 8, ಅಂದರೆ ಸುಮಾರು 91 ವ್ಯಾಟ್. ಡಬಲ್ ಹಾಕಿದರೆ 45 ವ್ಯಾಟ್. ಉಳಿದದ್ದು 46 ವ್ಯಾಟ್ ಶಾಖ. ಎಸಿ ಒಂದು ಯೂನಿಟ್ ಕರೆಂಟಿಗೆ ಮೂರು ಯೂನಿಟಿಗೂ ಜಾಸ್ತಿ ಶಾಖ ಹೊರಗೆ ಹಾಕುತ್ತದೆ. ಹಾಗಾಗಿ ಕರೆಂಟಿನಲ್ಲಿ ಉಳಿಯುವುದು 15 ವ್ಯಾಟಿನ ಆಸುಪಾಸು.

ಅದೇ ಕಿಟಕಿಗೆ ಸಂಜೆ ನಾಲ್ಕು ಗಂಟೆಗೆ ಬಿಸಿಲು ನೇರ ಹೊಡೆಯುತ್ತದೆ. ಚದರ ಮೀಟರಿಗೆ 600 ವ್ಯಾಟ್ ಅಂತ ಹಿಡಿಯುವ. ಒಂಟಿ ಸಾದಾ ಗಾಜಿನಿಂದ ಒಳಗೆ ಬರುವುದು 984 ವ್ಯಾಟ್. ಡಬಲ್ ಸಾದಾ ಗಾಜಿನಿಂದ 840 ವ್ಯಾಟ್. ಎಸ್‌ಎಚ್‌ಜಿಸಿ 0.45 ಇರುವ ಒಂಟಿ ಗಾಜು, ಅಂದರೆ ಬಿಸಿಲು ತಡೆಯುವ ಲೇಪನ ಇರುವುದು, ಹಾಕಿದರೆ 540 ವ್ಯಾಟ್. ಹೊರಗಿನಿಂದ ಪೂರ್ತಿ ನೆರಳು ಮಾಡಿದರೆ ನೇರ ಬಿಸಿಲು ಗಾಜನ್ನು ಮುಟ್ಟುವುದೇ ಇಲ್ಲ.

ಒಂದು ಟನ್ನಿನ ಎಸಿ ತೆಗೆಯುವುದು ಸುಮಾರು 3500 ವ್ಯಾಟ್ ಶಾಖ. ಅದರಲ್ಲಿ ಸುಮಾರು ಸಾವಿರ ವ್ಯಾಟ್ ಒಂದೇ ಕಿಟಕಿಯ ಬಿಸಿಲಿಗೆ ಹೋದರೆ ಹೇಗೆ? ನಮ್ಮ ಕರಾವಳಿಯಲ್ಲಿ ಹೋರಾಟ ಇರುವುದು ಬಿಸಿಲಿನ ಜೊತೆ. ಗಾಳಿಯ ಬಿಸಿ ಅದರ ಮುಂದೆ ಸಣ್ಣದು.

ಅಬುಧಾಬಿಯ ಲೆಕ್ಕ ಬೇರೆ. ಅಲ್ಲಿ ಹೊರಗೆ 45, ಒಳಗೆ 23. ವ್ಯತ್ಯಾಸ 22 ಡಿಗ್ರಿ. ಹಗಲು ರಾತ್ರಿ ಎಸಿ, ಕಿಟಕಿ ತೆರೆಯುವ ಮಾತೇ ಇಲ್ಲ. ಅಲ್ಲಿ ಡಬಲ್ ಗ್ಲಾಸ್ ಬೇಕೇ ಬೇಕು. ಯುರೋಪಿನಲ್ಲಿ ಚಳಿಗಾಲದಲ್ಲಿ ವ್ಯತ್ಯಾಸ 25 ಡಿಗ್ರಿ ಇರುತ್ತದೆ, ಅಲ್ಲಿಗೂ ಬೇಕು. ನಮ್ಮಲ್ಲಿ ಬೆಡ್‌ರೂಮಿನ ಎಸಿ ಜಾಸ್ತಿ ಓಡುವುದು ರಾತ್ರಿ. ಆಗ ಹೊರಗೆ 27, ಒಳಗೆ 25. ಆ ಎರಡು ಡಿಗ್ರಿಗೆ ಡಬಲ್ ಗ್ಲಾಸ್ ಎಂತ ಉಳಿಸುತ್ತದೆ ಹೇಳಿ.

ಮುಳ್ಳೇರಿಯ ಭಾವ

ಲೆಕ್ಕ ಅರ್ಥ ಆಯಿತು ಮಾರಾಯ್ರೆ. ಹಾಗಾದರೆ ರಾತ್ರಿ ಕೋಣೆ ಯಾಕೆ ಅಷ್ಟು ಕುದಿಯುತ್ತದೆ? ಆಗ ಬಿಸಿಲು ಇರುವುದಿಲ್ಲವಲ್ಲ?

ಬದಿಯಡ್ಕ ಇಂಜಿನಿಯರ್

ಒಳ್ಳೆಯ ಪ್ರಶ್ನೆ. ಸಂಜೆ ಒಳಗೆ ಬಂದ ಬಿಸಿಲು ಎಲ್ಲಿಗೂ ಹೋಗಿರುವುದಿಲ್ಲ. ನೆಲ, ಮಂಚ, ಕೆಂಪುಕಲ್ಲಿನ ಗೋಡೆ, ಎಲ್ಲ ಅದನ್ನು ಹಿಡಿದಿಟ್ಟುಕೊಂಡು ರಾತ್ರಿ ಬಿಡುತ್ತವೆ. ಅದಕ್ಕಿಂತ ಜಾಸ್ತಿ ಬಿಡುವುದು ಮೇಲಿನ ಕಾಂಕ್ರೀಟ್. ಇಡೀ ದಿನ ಬಿಸಿಲು ಕುಡಿದ ಟೆರೇಸ್ ನಡುರಾತ್ರಿವರೆಗೂ ತಲೆಯ ಮೇಲೆ ಬಿಸಿ ಸುರಿಯುತ್ತದೆ. ಅಪ್ಪನ ನಿದ್ದೆ ಕೆಡಿಸುವುದರಲ್ಲಿ ಟೆರೇಸಿನದ್ದೇ ದೊಡ್ಡ ಪಾಲು ಇರಬಹುದು. ನಮ್ಮ ಕಡೆ ಮಳೆಗೆ ಅಂತ ಟೆರೇಸಿನ ಮೇಲೆ ಹಂಚು ಅಥವಾ ಶೀಟಿನ ಮಾಡು ಮಾಡಿಸುತ್ತಾರಲ್ಲ, ಅದು ಬಿಸಿಲಿಗೂ ಅಷ್ಟೇ ಒಳ್ಳೆಯದು. ನಡುವೆ ಗಾಳಿ ಆಡುವ ಹಾಗೆ ಇರಬೇಕು. ಗಾಜಿಗೆ ದುಡ್ಡು ಹಾಕುವ ಮೊದಲು ಅದನ್ನು ಮುಗಿಸಿ.

ಹೊಸಂಗಡಿ ಹೆದ್ದಾರಿ ಬದಿ

ನಾನು ಡಬಲ್ ಗ್ಲಾಸ್ ಪರವಾಗಿ ಮಾತಾಡುತ್ತೇನೆ. ನಮ್ಮದು ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದ ಮನೆ. ಇನ್ನೊಂದು ಕಡೆ ರೈಲು ಹಳಿಯೂ ದೂರ ಇಲ್ಲ. ತಲಪಾಡಿಯಿಂದ ಈಚೆಗೆ ರಸ್ತೆ ಆರು ಪಥ ಆದಮೇಲೆ ಲಾರಿಗಳ ವೇಗ ಹೆಚ್ಚಾಯಿತು. ರಾತ್ರಿ ಟಯರಿನ ಸದ್ದು ನಿಲ್ಲುವುದೇ ಇಲ್ಲ. ಮಗುವಿಗೆ ನಿದ್ದೆ ಇಲ್ಲ, ಅಮ್ಮನಿಗೆ ತಲೆನೋವು. ರಸ್ತೆ ಕಡೆಯ ಕೋಣೆಗೆ ಮಾತ್ರ ಡಬಲ್ ಹಾಕಿಸಿದೆವು. ಈಗ ಬಾಗಿಲು ಹಾಕಿದರೆ ಫ್ಯಾನಿನ ಸದ್ದು ಕೇಳುತ್ತದೆ. ಮೊದಲು ಅದೂ ಕೇಳುತ್ತಿರಲಿಲ್ಲ.

ಆದರೆ ನಾವು ಹಾಕಿಸಿದ್ದು ಸಾದಾ ಡಬಲ್ ಅಲ್ಲ. ಹೊರಗೆ 6 ಮಿಮೀ, ಒಳಗೆ ಎರಡು ಗಾಜಿನ ನಡುವೆ ಪಿವಿಬಿ ಹಾಳೆ ಅಂಟಿಸಿದ ಲ್ಯಾಮಿನೇಟೆಡ್ ಗಾಜು. ಎರಡು ಕಡೆಯೂ ಒಂದೇ ದಪ್ಪದ ಗಾಜು ಹಾಕಿದರೆ ಎರಡೂ ಒಂದೇ ಸ್ವರಕ್ಕೆ ನಡುಗುತ್ತವೆ, ಆ ಸ್ವರದ ಸದ್ದು ಸಲೀಸಾಗಿ ಒಳಗೆ ಬರುತ್ತದೆ. ದಪ್ಪ ಬೇರೆ ಬೇರೆ ಇರಬೇಕು ಅಂತ ಹೇಳಿದವರ ಮಾತು ಕೇಳಿದ್ದು ಒಳ್ಳೆಯದಾಯಿತು.

ಇನ್ನೊಂದು, ನಮ್ಮದು ಸ್ಲೈಡಿಂಗ್ ಅಲ್ಲ, ಕದ ತೆರೆಯುವ ಕಿಟಕಿ. ಸ್ಲೈಡಿಂಗಿನಲ್ಲಿ ಬ್ರಷ್ ಇರುವ ಸಂದಿನಿಂದ ಸದ್ದು, ಧೂಳು ಎರಡೂ ಬರುತ್ತವೆ. ಗಾಜು ಎಷ್ಟೇ ದುಬಾರಿ ಆಗಿರಲಿ, ಸಂದು ಇದ್ದರೆ ಸುಮ್ನೆ ದಂಡ.

ಬದಿಯಡ್ಕ ಇಂಜಿನಿಯರ್

ಸದ್ದಿಗೆ ಅಂದರೆ ನಾನೂ ಒಪ್ಪುತ್ತೇನೆ. ನಿಮ್ಮ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಸಂದಿನ ಮಾತು ಎಸಿ ಕೋಣೆಗೂ ಮುಖ್ಯ. ನಮ್ಮ ಗಾಳಿಯಲ್ಲಿ ತೇವ ಜಾಸ್ತಿ. ಸಂದಿನಿಂದ ನುಗ್ಗಿದ ತೇವ ಗಾಳಿಯ ನೀರನ್ನು ಹಿಂಡಿ ತೆಗೆಯಲಿಕ್ಕೆ ಎಸಿ ಬಹಳ ಕೆಲಸ ಮಾಡಬೇಕಾಗುತ್ತದೆ. ಕದದ ಸುತ್ತ ಒಳ್ಳೆಯ ರಬ್ಬರ್ ಗ್ಯಾಸ್ಕೆಟ್ ಕೂರಿಸಿದರೆ ಎರಡನೇ ಗಾಜಿಗಿಂತ ಜಾಸ್ತಿ ಉಪಯೋಗ ಆಗಬಹುದು, ಖರ್ಚೂ ಕಡಿಮೆ.

ಉಪ್ಪಳ ಕಡಲಬದಿ

ನನ್ನ ಅನುಭವ ಕೇಳಿ, ಯಾರಿಗಾದರೂ ಉಪಯೋಗ ಆದೀತು. ನಮ್ಮ ಮನೆಗೆ ಡಬಲ್ ಗ್ಲಾಸ್ ಅಂತ ಹೇಳಿ ಒಬ್ಬರು ಕೆಲಸ ಮಾಡಿಕೊಟ್ಟರು. ದರ ಕಡಿಮೆ ಇತ್ತು. ಅವರು ಅಲ್ಲೇ ಅಂಗಳದಲ್ಲಿ ಎರಡು ಗಾಜು ಇಟ್ಟು, ನಡುವೆ ಅಲ್ಯೂಮಿನಿಯಂ ಪಟ್ಟಿ ಕೂರಿಸಿ, ಸುತ್ತ ಸಿಲಿಕಾನ್ ಹೊಡೆದರು. ಮೊದಲ ಮಳೆಗಾಲದಲ್ಲೇ ಎರಡು ಗಾಜಿನ ನಡುವೆ ಮಂಜು ಕಟ್ಟಿತು. ಒಳಗಿನಿಂದಲೂ ಒರೆಸಲಿಕ್ಕೆ ಆಗುವುದಿಲ್ಲ, ಹೊರಗಿನಿಂದಲೂ ಆಗುವುದಿಲ್ಲ. ಆಮೇಲೆ ಹಸಿರು ಪಾಚಿಯ ಹಾಗೆ ಕಲೆ ಬಂತು. ಕೇಳಿದರೆ ನಿಮ್ಮ ಊರಿನ ಮಳೆಯೇ ಹಾಗೆ ಅಂತಾರೆ. ಈಗ ಆ ಕಿಟಕಿಯಿಂದ ಸಮುದ್ರವೂ ಕಾಣುವುದಿಲ್ಲ, ತೆಂಗಿನ ಮರವೂ ಕಾಣುವುದಿಲ್ಲ.

ಇದನ್ನು ಸರಿ ಮಾಡಲಿಕ್ಕೆ ದಾರಿ ಉಂಟಾ?

ಗಾಜಿನ ಕೆಲಸ, ತೊಕ್ಕೊಟ್ಟು

ನಾನು ಇದೇ ಕೆಲಸದಲ್ಲಿ ಇರುವವ. ಉಪ್ಪಳದವರ ಮಾತು ಓದಿ ಬೇಜಾರಾಯಿತು. ಆ ಗಾಜನ್ನು ರಿಪೇರಿ ಮಾಡಲಿಕ್ಕೆ ಆಗುವುದಿಲ್ಲ. ಗಾಜಿನ ಜೋಡಿಯನ್ನು ತೆಗೆದು ಹೊಸದು ಕೂರಿಸಬೇಕು. ಚೌಕಟ್ಟು ಹಾಗೆಯೇ ಉಳಿಸಿಕೊಳ್ಳಬಹುದು.

ಸರಿಯಾದ ಡಬಲ್ ಗ್ಲಾಸ್ ಯೂನಿಟ್, ನಾವು ಡಿಜಿಯು ಅನ್ನುತ್ತೇವೆ, ಕಾರ್ಖಾನೆಯಲ್ಲೇ ತಯಾರಾಗಬೇಕು. ನಡುವಿನ ಅಲ್ಯೂಮಿನಿಯಂ ಪಟ್ಟಿ ಒಳಗೆ ಟೊಳ್ಳು. ಅದರೊಳಗೆ ತೇವ ಹೀರುವ ಸಣ್ಣ ಸಣ್ಣ ಕಾಳು ತುಂಬಿರುತ್ತಾರೆ. ಪಟ್ಟಿಯ ಒಳಮುಖದಲ್ಲಿ ಸೂಜಿಮೊನೆಯಷ್ಟು ತೂತುಗಳು ಸಾಲಾಗಿ ಕಾಣುತ್ತವೆ. ಗಾಜಿನ ನಡುವಿನ ಗಾಳಿಯ ತೇವವನ್ನು ಆ ಕಾಳು ಎಳೆದುಕೊಳ್ಳುತ್ತದೆ. ಪಟ್ಟಿಗೂ ಗಾಜಿಗೂ ನಡುವೆ ಬ್ಯುಟೈಲ್ ಅನ್ನುವ ಕಪ್ಪು ಅಂಟು. ನೀರಾವಿ ತಡೆಯುವುದು ಮುಖ್ಯವಾಗಿ ಅದೇ. ಅದರ ಹೊರಗೆ ಪಾಲಿಸಲ್ಫೈಡ್ ಅಥವಾ ಸಿಲಿಕಾನಿನ ಎರಡನೇ ಸೀಲ್. ಸಿಲಿಕಾನ್ ಮಳೆನೀರು ತಡೆಯುತ್ತದೆ, ಆದರೆ ನೀರಾವಿಯನ್ನು ನಿಧಾನಕ್ಕೆ ಒಳಗೆ ಬಿಡುತ್ತದೆ. ಬ್ಯುಟೈಲ್ ಇಲ್ಲದೆ, ಕಾಳು ಇಲ್ಲದೆ, ಬರೀ ಸಿಲಿಕಾನ್ ಹೊಡೆದರೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ ಬರುವ ಕಾಸರಗೋಡಿನಲ್ಲಿ ಅದು ನಿಲ್ಲುವುದಿಲ್ಲ. ಅದು ಮಳೆಯ ತಪ್ಪಲ್ಲ.

ತೆಗೆದುಕೊಳ್ಳುವಾಗ ಒಂದು ಪರೀಕ್ಷೆ ಮಾಡಿ. ಕತ್ತಲಾದ ಮೇಲೆ ಗಾಜಿನ ಮುಂದೆ ಲೈಟರ್ ಹಚ್ಚಿ ಓರೆಯಾಗಿ ನೋಡಿ. ಎರಡು ಗಾಜಿಗೆ ನಾಲ್ಕು ಮೈ, ಹಾಗಾಗಿ ನಾಲ್ಕು ಜ್ವಾಲೆ ಕಾಣುತ್ತದೆ. ಲೋ-ಇ ಲೇಪನ ಇದ್ದರೆ ಒಂದು ಜ್ವಾಲೆಯ ಬಣ್ಣ ಬೇರೆ ಇರುತ್ತದೆ. ಹೊರಗಿನಿಂದ ಒಳಗೆ ಒಂದು, ಎರಡು, ಮೂರು, ನಾಲ್ಕು ಅಂತ ಮೈಗಳನ್ನು ಎಣಿಸುತ್ತೇವೆ. ನಮ್ಮಂಥ ಬಿಸಿಲಿನ ಊರಿಗೆ ಲೇಪನ ಎರಡನೇ ಮೈಯಲ್ಲಿ, ಅಂದರೆ ಹೊರಗಿನ ಗಾಜಿನ ಒಳಮುಖದಲ್ಲಿ ಇರಬೇಕು. ಕೋಣೆಯ ಒಳಗೆ ನಿಂತು ನೋಡುವುದಾದರೆ ನಿಮ್ಮಿಂದ ಮೂರನೇ ಜ್ವಾಲೆಯ ಬಣ್ಣ ಬೇರೆ ಕಾಣಬೇಕು. ತಿರುಗಿಸಿ ಕೂರಿಸಿದ್ದನ್ನು ಇದರಿಂದ ಹಿಡಿಯಬಹುದು.

ಕುಂಬಳೆ ಹೊಸಮನೆ

ಇಷ್ಟು ವಿವರ ಯಾರೂ ಹೇಳಿರಲಿಲ್ಲ, ತುಂಬಾ ಉಪಕಾರ. ಲೋ-ಇ ಅಂದರೆ ಎಂತ ಅಣ್ಣ? ನನಗೆ ಬಂದ ಕೊಟೇಶನ್ನಿನಲ್ಲಿ "ಕ್ಲಿಯರ್ ಡಿಜಿಯು 5-12-5" ಅಂತ ಮಾತ್ರ ಬರೆದಿದ್ದಾರೆ.

ಗಾಜಿನ ಕೆಲಸ, ತೊಕ್ಕೊಟ್ಟು

5-12-5 ಅಂದರೆ 5 ಮಿಮೀ ಗಾಜು, 12 ಮಿಮೀ ಜಾಗ, ಮತ್ತೆ 5 ಮಿಮೀ ಗಾಜು. ಕ್ಲಿಯರ್ ಅಂದರೆ ಲೇಪನ ಇಲ್ಲ. ಇಂಜಿನಿಯರ್ ಲೆಕ್ಕ ಹಾಕಿ ತೋರಿಸಿದರಲ್ಲ, ಬಿಸಿಲನ್ನು ಹೆಚ್ಚು ತಡೆಯದ ಜಾತಿ ಅದು. ದಯವಿಟ್ಟು ಅದನ್ನು ಪಶ್ಚಿಮಕ್ಕೆ ಹಾಕಿಸಬೇಡಿ.

ಲೋ-ಇ ಅಂದರೆ ಗಾಜಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಲೋಹದ ಅಥವಾ ಲೋಹದ ಆಕ್ಸೈಡಿನ ಲೇಪನ. ಒಳ್ಳೆಯ ಜಾತಿಯಲ್ಲಿ ಬೆಳ್ಳಿ ಇರುತ್ತದೆ. ಬೆಳಕನ್ನು ಬಿಡುತ್ತದೆ, ಶಾಖವನ್ನು ವಾಪಸ್ ಕಳಿಸುತ್ತದೆ. ಅದರಲ್ಲಿ ಎರಡು ಬಗೆ. ಗಾಜು ತಯಾರಾಗುವಾಗಲೇ ಬಿಸಿ ಮೈಗೆ ಕೂರಿಸಿದ ಗಟ್ಟಿ ಲೇಪನ ಒಂದು. ಅದನ್ನು ಒಂಟಿ ಗಾಜಾಗಿಯೂ ಹಾಕಬಹುದು. ಇನ್ನೊಂದು ಆಮೇಲೆ ಕೂರಿಸುವ ಮೆದು ಲೇಪನ. ಬಿಸಿಲು ತಡೆಯುವುದರಲ್ಲಿ ಅದೇ ಮುಂದೆ. ಆದರೆ ಬೆಳ್ಳಿಗೆ ತೇವ ಗಾಳಿ ತಾಗಿದರೆ ಕಪ್ಪಾಗುತ್ತದೆ. ಆದ್ದರಿಂದ ಅದನ್ನು ಸಾಮಾನ್ಯವಾಗಿ ಡಬಲ್ ಯೂನಿಟಿನ ಒಳಗೇ ಮುಚ್ಚಿಡುತ್ತಾರೆ. ಮೆದು ಲೇಪನದ ಡಬಲ್ ಯೂನಿಟಿನಲ್ಲಿ ಎಸ್‌ಎಚ್‌ಜಿಸಿ 0.30ರ ಆಸುಪಾಸಿಗೆ ಇಳಿಯುವ ಗಾಜು ಸಿಗುತ್ತದೆ, ಯು-ವ್ಯಾಲ್ಯೂ 1.8ರ ಹತ್ತಿರ.

ಸೇಂಟ್ ಗೋಬೇನ್ ಅವರ ಕಾರ್ಖಾನೆ ತಮಿಳುನಾಡಿನ ಶ್ರೀಪೆರಂಬುದೂರಿನಲ್ಲೇ ಉಂಟು. ಅಸಾಹಿ ಇಂಡಿಯಾ ಗಾಜೂ ಮಾರುಕಟ್ಟೆಯಲ್ಲಿ ಇದೆ. ಯಾರದ್ದೇ ಆಗಲಿ, ಗಾಜಿನ ಹೆಸರು, ಯು-ವ್ಯಾಲ್ಯೂ, ಎಸ್‌ಎಚ್‌ಜಿಸಿ, ಬೆಳಕು ಬಿಡುವ ಪ್ರಮಾಣ, ಈ ನಾಲ್ಕನ್ನು ಕೊಟೇಶನ್ನಿನಲ್ಲಿ ಬರೆಸಿಕೊಳ್ಳಿ. ಬರೆಯಲು ಹಿಂಜರಿದರೆ ಬೇರೆಯವರ ಹತ್ತಿರ ಹೋಗಿ. ನಡುವೆ ಮಂಜು ಕಟ್ಟಿದರೆ ಬದಲಿಸಿ ಕೊಡುವ ಗ್ಯಾರಂಟಿಯೂ ಬರವಣಿಗೆಯಲ್ಲೇ ಇರಲಿ, ಎಷ್ಟು ವರ್ಷ ಅನ್ನುವುದರ ಸಮೇತ.

ಕಂದು, ಹಸಿರು, ನೀಲಿ ಬಣ್ಣದ ಗಾಜು ತುಂಬಾ ಜನ ಕೇಳುತ್ತಾರೆ. ಬಣ್ಣದ ಗಾಜು ಬಿಸಿಲನ್ನು ತಾನೇ ಹೀರಿ ಬಿಸಿಯಾಗುತ್ತದೆ, ಆ ಬಿಸಿಯಲ್ಲಿ ಒಂದು ಪಾಲು ಒಳಗೇ ಬರುತ್ತದೆ. ಸ್ವಲ್ಪ ಉಪಯೋಗ ಉಂಟು, ಆದರೆ ಕೋಣೆ ಕತ್ತಲಾಗುವಷ್ಟು ತಂಪಾಗುವುದಿಲ್ಲ. ಕನ್ನಡಿಯಂತೆ ಹೊಳೆಯುವ ಗಾಜಿಗೆ ಇನ್ನೊಂದು ತೊಂದರೆ. ಹಗಲು ಹೊರಗಿನವರಿಗೆ ಒಳಗೆ ಕಾಣುವುದಿಲ್ಲ, ಆದರೆ ರಾತ್ರಿ ಒಳಗೆ ದೀಪ ಹಾಕಿದರೆ ಎಲ್ಲ ಕಾಣುತ್ತದೆ. ಪರದೆ ಹೇಗೂ ಬೇಕು.

ಪೆರ್ಲದ ಅಕ್ಕ

ನೆರಳಿನ ವಿಷಯ ಯಾರೂ ಬಿಡಿಸಿ ಹೇಳಲಿಲ್ಲ. ನಮ್ಮ ಹಳೆ ಮನೆಗೆ ಪಶ್ಚಿಮದಲ್ಲಿ ಉದ್ದಕ್ಕೆ ಜಗಲಿ ಇತ್ತು, ಹಂಚಿನ ಮಾಡು ಕೆಳಗೆ ಇಳಿದಿತ್ತು. ಮಳೆಗಾಲದಲ್ಲಿ ಎರಚಲು ಬರಬಾರದು ಅಂತ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದರು. ಬೇಸಿಗೆಯಲ್ಲಿ ಕೆಲವರು ಅದನ್ನೇ ಬಿಸಿಲಿಗೂ ಕಟ್ಟುತ್ತಿದ್ದರು. ಕೋಣೆಗೆ ನೇರ ಬಿಸಿಲು ಬಂದದ್ದು ನಾನು ನೋಡಿಯೇ ಇಲ್ಲ. ಈಗಿನ ಮನೆಗಳಲ್ಲಿ ಗೋಡೆಯ ಅಂಚಿಗೆ ಕಿಟಕಿ ಇಟ್ಟು, ಮೇಲೆ ಒಂದೂವರೆ ಅಡಿ ಸನ್‌ಶೇಡ್ ಹಾಕಿ ಮುಗಿಸುತ್ತಾರೆ. ಸಂಜೆಯ ಬಿಸಿಲು ಅದರ ಕೆಳಗಿಂದ ಸೀದಾ ಒಳಗೆ ಬರುತ್ತದೆ.

ಬದಿಯಡ್ಕ ಇಂಜಿನಿಯರ್

ಅಕ್ಕ ನಿಜವಾದ ವಿಷಯಕ್ಕೆ ಬಂದಿರಿ. ನಾನು ಅದನ್ನೇ ಬರೆಯಬೇಕು ಅಂತಿದ್ದೆ.

ಕಾಸರಗೋಡು ಇರುವುದು ಸುಮಾರು 12.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದ ಹೊತ್ತಿಗೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತದೆ. ಅಲ್ಲಿಂದ ಆಗಸ್ಟ್ ಮಧ್ಯದವರೆಗೆ ಅದು ಸ್ವಲ್ಪ ಉತ್ತರಕ್ಕೇ ಇರುತ್ತದೆ. ಹಾಗಾಗಿ ಕಡು ಸೆಖೆಯ ತಿಂಗಳಲ್ಲಿ ದಕ್ಷಿಣದ ಕಿಟಕಿಗೆ ನೇರ ಬಿಸಿಲು ಬಹಳ ಕಡಿಮೆ. ಸಾಮಾನ್ಯ ಸನ್‌ಶೇಡ್ ಸಾಕು. ಡಿಸೆಂಬರಿನಲ್ಲಿ ದಕ್ಷಿಣಕ್ಕೆ ಬಿಸಿಲು ಬರುತ್ತದೆ, ಆಗಲೂ ಮಧ್ಯಾಹ್ನದ ಸೂರ್ಯ 54 ಡಿಗ್ರಿ ಎತ್ತರದಲ್ಲಿ ಇರುತ್ತದೆ, ಎರಡು ಅಡಿಯ ಸನ್‌ಶೇಡ್ ತುಂಬಾ ತಡೆಯುತ್ತದೆ. ನಿಮ್ಮ ಊಟದ ಕೋಣೆಗೆ ದುಬಾರಿ ಗಾಜು ಬೇಡವೇ ಬೇಡ.

ಪೂರ್ವ ಮತ್ತು ಪಶ್ಚಿಮದ ಕತೆ ಬೇರೆ. ಅಲ್ಲಿ ಸೂರ್ಯ ಕೆಳಗೆ ಇರುತ್ತದೆ, ಅಡ್ಡ ಸನ್‌ಶೇಡ್ ಕೆಲಸಕ್ಕೆ ಬರುವುದಿಲ್ಲ. ಜಗಲಿ, ಜಾಲಿ ಗೋಡೆ, ಹೊರಗೆ ಇಳಿಬಿಡುವ ಬಿದಿರಿನ ಪರದೆ, ಅಂಗಳದಲ್ಲಿ ಒಂದು ಮರ, ಇವೇ ಬೇಕು. ಪರದೆ ಹೊರಗೇ ಇರಬೇಕು. ಒಳಗಿನ ಕರ್ಟನ್ ತಡೆಯುವ ಹೊತ್ತಿಗೆ ಬಿಸಿಲು ಗಾಜು ದಾಟಿ ಆಗಿರುತ್ತದೆ. ಆ ಶಾಖದಲ್ಲಿ ಬಹುಪಾಲು ಕೋಣೆಯಲ್ಲೇ ಉಳಿಯುತ್ತದೆ.

ಇನ್ನೊಂದು ಲೆಕ್ಕ ಹೇಳುತ್ತೇನೆ, ಇದು ನನಗೆ ತುಂಬಾ ಮುಖ್ಯ ಅನಿಸುತ್ತದೆ. ಕೇಂದ್ರ ಸರ್ಕಾರದ ಬಿಇಇ, ಅಂದರೆ ಇಂಧನ ದಕ್ಷತಾ ಬ್ಯೂರೋ, 2018ರಲ್ಲಿ ಮನೆಗಳಿಗೆ ಅಂತ ಇಕೋ ನಿವಾಸ್ ಸಂಹಿತೆ ಎನ್ನುವ ಇಂಧನ ಉಳಿಸುವ ಕಟ್ಟಡ ನಿಯಮ ತಂದಿತು. ನಮ್ಮಂಥ ಸಣ್ಣ ಮನೆಗೆ ಅದರ ಒತ್ತಾಯ ಇಲ್ಲದಿದ್ದರೂ ಒಳಗಿನ ವಿಚಾರ ಒಳ್ಳೆಯದು. ಸೆಖೆ ಮತ್ತು ತೇವ ಇರುವ ಊರುಗಳಲ್ಲಿ ತೆರೆಯಲಿಕ್ಕೆ ಬರುವ ಕಿಟಕಿ ಬಾಗಿಲಿನ ಜಾಗ ನೆಲದ ಅಳತೆಯ 16.66 ಶೇಕಡಾ, ಅಂದರೆ ಆರರಲ್ಲಿ ಒಂದು ಪಾಲು ಇರಬೇಕು ಅಂತ ಅದರಲ್ಲಿ ಉಂಟು. ಒಣ ಬಿಸಿಲಿನ ಊರಿಗೆ 10 ಶೇಕಡಾ ಸಾಕು. 1500 ಚದರಡಿ ಮನೆಗೆ ನಮಗೆ 250 ಚದರಡಿ ತೆರೆಯುವ ಜಾಗ ಬೇಕು. ಎರಡು ಕದದ ಸ್ಲೈಡಿಂಗಿನಲ್ಲಿ ತೆರೆಯುವುದು ಅರ್ಧ ಮಾತ್ರ. ಕದ ತೆರೆಯುವ ಕಿಟಕಿಯಲ್ಲಿ 90 ಶೇಕಡಾ. ಗಾಜಿನ ಚರ್ಚೆಯಲ್ಲಿ ಇದು ಮರೆತು ಹೋಗುತ್ತದೆ. ನಮ್ಮ ಮೈಯ ಬೆವರು ಆರಬೇಕಾದರೆ ಗಾಳಿ ಆಡಬೇಕು. ಎದುರುಬದುರು ಕಿಟಕಿ ತೆರೆದಿಟ್ಟರೆ ಅಪ್ಪ ಅಮ್ಮನಿಗೆ ವರ್ಷದಲ್ಲಿ ಹೆಚ್ಚಿನ ದಿನ ಎಸಿಯೇ ಬೇಕಾಗಲಿಕ್ಕಿಲ್ಲ.

ಅಕ್ಕಲಕೋಟ ತಾಲೂಕು

ನಮ್ಮ ಕಡೆಯವರೂ ಇದನ್ನು ಓದುತ್ತಾರೆ, ಅದಕ್ಕೆ ಬರೆಯುತ್ತಿದ್ದೇನೆ. ಸೊಲ್ಲಾಪುರ ಜಿಲ್ಲೆಯ ಬಿಸಿಲು ಬೇರೆ ತರಹದ್ದು. ಮೇ ತಿಂಗಳಲ್ಲಿ 42 ಡಿಗ್ರಿ ಮುಟ್ಟುತ್ತದೆ, ಆದರೆ ಗಾಳಿ ಒಣ. ಮಧ್ಯಾಹ್ನ ಕಿಟಕಿ ತೆರೆದರೆ ಬಿಸಿಗಾಳಿ ಮುಖಕ್ಕೆ ಬಡಿಯುತ್ತದೆ. ಹಿರಿಯರು ಬೆಳಿಗ್ಗೆಯೇ ಎಲ್ಲ ಮುಚ್ಚಿ, ರಾತ್ರಿ ತೆರೆಯುತ್ತಿದ್ದರು. ಮಣ್ಣಿನ ಮಾಳಿಗೆ, ದಪ್ಪ ಗೋಡೆ, ಸಣ್ಣ ಕಿಟಕಿ. ನಮಗೆ ಡಬಲ್ ಗ್ಲಾಸ್ ಉಪಯೋಗ ಆಗುತ್ತದೆಯೇನ್ರಿ?

ಬದಿಯಡ್ಕ ಇಂಜಿನಿಯರ್

ನಿಮಗೆ ನಮಗಿಂತ ಜಾಸ್ತಿ ಉಪಯೋಗ. ಹಗಲು ಮುಚ್ಚಿಡುವ ಮನೆ, 42ಕ್ಕೂ 26ಕ್ಕೂ ವ್ಯತ್ಯಾಸ 16 ಡಿಗ್ರಿ. ಹಗಲು ಎಸಿ ಓಡಿಸುವ ಕೋಣೆ ಇದ್ದರೆ ಲೇಪನ ಇರುವ ಡಬಲ್ ಗ್ಲಾಸ್ ಹಾಕಿಸಿದ ದುಡ್ಡಿಗೆ ಅರ್ಥ ಉಂಟು. ಎಸಿ ಇಲ್ಲದಿದ್ದರೆ ಹಿರಿಯರ ಪದ್ಧತಿಯೇ ಸರಿ. ಹಗಲು ಮುಚ್ಚಲಿಕ್ಕೆ ಹೊರಗೆ ಮರದ ಕದ ಇದ್ದರೆ ಗಾಜಿಗಿಂತ ಒಳ್ಳೆಯದು.

ಮುಳ್ಳೇರಿಯ ಭಾವ

ನಮ್ಮದು ಹಲಸಿನ ಮರದ ಹಳೆ ಕಿಟಕಿ, 4 ಮಿಮೀ ಗಾಜು. ಅದೇ ಕದಕ್ಕೆ ಡಬಲ್ ಯೂನಿಟ್ ಕೂರಿಸಬಹುದಾ? ಅಥವಾ ಫಿಲ್ಮ್ ಅಂಟಿಸಿದರೆ ಸಾಕಾ?

ಗಾಜಿನ ಕೆಲಸ, ತೊಕ್ಕೊಟ್ಟು

ಕಷ್ಟ ಭಾವ. 5-12-5 ಅಂದರೆ ಒಟ್ಟು 22 ಮಿಮೀ ದಪ್ಪ. ಹಳೆ ಕದದಲ್ಲಿ ಗಾಜು ಕೂರಲು ಅಷ್ಟು ಜಾಗ ಇರುವುದಿಲ್ಲ. ಭಾರವೂ ನೋಡಬೇಕು. ಗಾಜು ಒಂದು ಮಿಲಿಮೀಟರ್ ದಪ್ಪಕ್ಕೆ ಚದರ ಮೀಟರಿಗೆ ಎರಡೂವರೆ ಕಿಲೋ ತೂಗುತ್ತದೆ. ಎರಡು ಅಡಿಗೆ ನಾಲ್ಕು ಅಡಿಯ ಕದದಲ್ಲಿ 4 ಮಿಮೀ ಗಾಜು ಏಳೂವರೆ ಕಿಲೋ. ಡಬಲ್ ಆದರೆ ಹದಿನೆಂಟೂವರೆ ಕಿಲೋ. ಹಳೆ ಹಿಂಜು ಜಗ್ಗುತ್ತದೆ, ಕದ ನೆಲಕ್ಕೆ ಉಜ್ಜುತ್ತದೆ. ಆ ಕಿಟಕಿ ಹಾಗೆಯೇ ಇರಲಿ, ಹೊರಗೆ ಬಿದಿರಿನ ಪರದೆ ಕಟ್ಟಿ.

ಫಿಲ್ಮ್ ಹಾಕಬಹುದು, ಆದರೆ ತೀರಾ ಕಪ್ಪು ಫಿಲ್ಮ್ ಬೇಡ. ಗಟ್ಟಿ ಮಾಡದ ಸಾದಾ ಗಾಜಿಗೆ ಕಪ್ಪು ಫಿಲ್ಮ್ ಅಂಟಿಸಿದರೆ ಬಿಸಿಲು ಬಿದ್ದ ಭಾಗ ತುಂಬಾ ಬಿಸಿಯಾಗಿ, ಚೌಕಟ್ಟಿನ ನೆರಳಲ್ಲಿರುವ ಅಂಚು ತಣ್ಣಗೆ ಉಳಿದು ಗಾಜು ಸೀಳಬಹುದು. ಡಬಲ್ ಯೂನಿಟಿಗೆ ಫಿಲ್ಮ್ ಅಂಟಿಸುವ ಮೊದಲಂತೂ ಕಂಪನಿಯವರನ್ನು ಕೇಳಲೇಬೇಕು.

ಮಕ್ಕಳು ಓಡಾಡುವ ಜಾಗದಲ್ಲಿ, ನೆಲದವರೆಗೆ ಇಳಿಯುವ ಗಾಜಿಗೆ ಟಫನ್ಡ್, ಅಂದರೆ ಶಾಖ ಕೊಟ್ಟು ಗಟ್ಟಿ ಮಾಡಿದ್ದು, ಅಥವಾ ಲ್ಯಾಮಿನೇಟೆಡ್ ಬೇಕೇ ಬೇಕು. ಟಫನ್ಡ್ ಗಾಜಿನ ಮೂಲೆಯಲ್ಲಿ ಅಳಿಸಲಾಗದ ಗುರುತು ಇರುತ್ತದೆ, ಐಎಸ್ 2553 ಅಂತ ಬರೆದದ್ದನ್ನು ನೋಡಿಕೊಳ್ಳಿ. ಟಫನ್ಡ್ ಮಾಡಿದ ಮೇಲೆ ಗಾಜನ್ನು ಕತ್ತರಿಸಲಿಕ್ಕೆ ಆಗುವುದಿಲ್ಲ. ಹಾಗಾಗಿ ಚೌಕಟ್ಟು ಕೂರಿಸಿ ಆದಮೇಲೆ ಅಳತೆ ತೆಗೆಯಿರಿ. ಪ್ಲಾನ್ ನೋಡಿ ಆರ್ಡರ್ ಕೊಡಬೇಡಿ.

ಉಪ್ಪಳ ಕಡಲಬದಿ

ನಮ್ಮ ಕಡೆ ಉಪ್ಪಿನ ಗಾಳಿ. ಸಾದಾ ಸ್ಕ್ರೂ, ಹಿಂಜು ಎಲ್ಲ ತುಕ್ಕು ಹಿಡಿಯುತ್ತದೆ. ಚೌಕಟ್ಟು ಯುಪಿವಿಸಿ, ಅಂದರೆ ಗಟ್ಟಿ ಪ್ಲಾಸ್ಟಿಕ್ಕಿನದ್ದು, ಒಳ್ಳೆಯದಾ, ಅಲ್ಯೂಮಿನಿಯಂ ಒಳ್ಳೆಯದಾ?

ಹೊಸಂಗಡಿ ಹೆದ್ದಾರಿ ಬದಿ

ನಮ್ಮದು ಯುಪಿವಿಸಿ. ತುಕ್ಕು ಇಲ್ಲ, ಮರದ ಹಾಗೆ ಮಳೆಗಾಲದಲ್ಲಿ ಉಬ್ಬುವುದೂ ಇಲ್ಲ. ಆದರೆ ಒಳಗಿನ ಉಕ್ಕಿನ ಪಟ್ಟಿ, ಹಿಂಜು, ಬೀಗ ಯಾವುದು ಅಂತ ಕೇಳಿ. ಹಿಂಜಿಗೆ ಸ್ಟೇನ್‌ಲೆಸ್ ಸ್ಟೀಲ್ ಹೇಳಿ, ಸಮುದ್ರ ತೀರಾ ಹತ್ತಿರ ಇದ್ದರೆ 316 ದರ್ಜೆಯದ್ದು. ಅಲ್ಯೂಮಿನಿಯಂ ಗಟ್ಟಿ, ಆದರೆ ಅದು ಬಿಸಿಯನ್ನು ಬೇಗ ಒಳಗೆ ತರುತ್ತದೆ. ಗಾಜು ಡಬಲ್ ಮಾಡಿ ಚೌಕಟ್ಟು ಸಾದಾ ಅಲ್ಯೂಮಿನಿಯಂ ಹಾಕಿದರೆ ಸ್ವಲ್ಪ ಲಾಭ ಅಲ್ಲೇ ಸೋರುತ್ತದೆ.

ಕುಂಬಳೆ ಹೊಸಮನೆ

ಎಲ್ಲರ ಮಾತನ್ನೂ ಹೆಂಡತಿಯ ಜೊತೆ, ಫೋನಿನಲ್ಲಿ ಅಪ್ಪನ ಜೊತೆ ಮಾತಾಡಿದೆ. ಹೀಗೆ ಮಾಡುವ ಅಂತ ಇದ್ದೇವೆ. ಮೊದಲು ಟೆರೇಸಿನ ಮೇಲೆ ಹಂಚಿನ ಮಾಡು. ಪಶ್ಚಿಮದ ಎರಡು ಬೆಡ್‌ರೂಮಿನ ಹೊರಗೆ ಐದು ಅಡಿ ಜಗಲಿ ಇಳಿಸಿ ಬಿದಿರಿನ ಪರದೆ. ಆ ಎರಡು ಕೋಣೆಗೆ ಗಟ್ಟಿ ಲೇಪನದ ಒಂಟಿ ಗಾಜು, ಕದ ತೆರೆಯುವ ಯುಪಿವಿಸಿ, ಗ್ಯಾಸ್ಕೆಟ್ ಸಮೇತ. ಉಳಿದ ಕಡೆ ಸಾದಾ ಟಫನ್ಡ್ ಗಾಜು, ಎಲ್ಲದಕ್ಕೂ ಬಲೆ. ಡಬಲ್ ಗ್ಲಾಸ್ ಎಲ್ಲಿಯೂ ಇಲ್ಲ. ಎರಡು ಎಸಿಯಿಂದ ಕೇರಳ ವಿದ್ಯುತ್ ಮಂಡಳಿಯ ಅಂದರೆ ಕೆಎಸ್‌ಇಬಿ ಬಿಲ್ ತಿಂಗಳಿಗೆ 250 ಯೂನಿಟ್ ದಾಟಿದರೆ ಸ್ಲ್ಯಾಬಿನ, ಅಂದರೆ ಮೊದಲ ಯೂನಿಟುಗಳಿಗೆ ಇರುವ ಕಡಿಮೆ ದರದ, ಲಾಭ ಹೋಗಿ ಎಲ್ಲ ಯೂನಿಟಿಗೂ ಒಂದೇ ದರ ಬೀಳುತ್ತದೆ ಅಂತ ಅಪ್ಪನಿಗೆ ಚಿಂತೆ ಇತ್ತು. ಜಗಲಿ ಬರುತ್ತದೆ ಅಂದ ಮೇಲೆ ಅವರು ಒಂದೇ ಎಸಿ ಸಾಕು ಅಂತಿದ್ದಾರೆ.

ಒಂದು ಸಂಶಯ ಉಳಿದಿದೆ. ಯುಪಿವಿಸಿ ಚೌಕಟ್ಟಿನ ಕೆಳಗೆ ಸಣ್ಣ ತೂತು ಇರುತ್ತದೆ, ಅಲ್ಲಿಂದ ಇರುವೆ ಬರುತ್ತದೆ, ಸಿಲಿಕಾನಿನಿಂದ ಮುಚ್ಚಿಸಿ ಅಂತ ಮೇಸ್ತ್ರಿ ಹೇಳುತ್ತಾರೆ. ಮುಚ್ಚಬಹುದಾ?

ಗಾಜಿನ ಕೆಲಸ, ತೊಕ್ಕೊಟ್ಟು

ಮುಚ್ಚಬೇಡಿ. ಅದು ನೀರು ಹೊರಗೆ ಹೋಗುವ ದಾರಿ. ಜೂನಿನ ಎರಚಲು ಮಳೆಯಲ್ಲಿ ಕದದ ಸುತ್ತ ಇಳಿದ ನೀರು ಚೌಕಟ್ಟಿನ ಒಳಗೆ ಸೇರಿ ಆ ತೂತಿನಿಂದ ಹೊರಗೆ ಹರಿಯುತ್ತದೆ. ಮುಚ್ಚಿದರೆ ನೀರು ತುಂಬಿ ಒಳಗಿನ ಗೋಡೆಗೆ ಇಳಿಯುತ್ತದೆ. ತೂತು ಹೊರಮುಖಕ್ಕೆ ಇರಬೇಕು, ಅದರ ಮೇಲೆ ಸಣ್ಣ ಪ್ಲಾಸ್ಟಿಕ್ ಮುಚ್ಚಳ ಬರುತ್ತದೆ, ಅದನ್ನು ಕೇಳಿ ಹಾಕಿಸಿ. ಮಳೆಗಾಲದ ಮೊದಲು ಕಡ್ಡಿ ಹಾಕಿ ಧೂಳು ತೆಗೆದರೆ ಸಾಕು. ಮತ್ತೆ, ಗಾರೆ ಕೆಲಸ ಮುಗಿಯುವವರೆಗೆ ಗಾಜು ಕೂರಿಸಬೇಡಿ. ಸಿಮೆಂಟ್ ನೀರು ಗಾಜಿನ ಮೇಲೆ ಒಣಗಿದರೆ ಆ ಕಲೆ ಹೋಗುವುದಿಲ್ಲ. ಟೈಲ್ಸ್ ತೊಳೆಯುವ ಆಸಿಡ್ ಕೂಡ ಕಿಟಕಿಯ ಹತ್ತಿರ ಬರಬಾರದು. ಮೇಸ್ತ್ರಿಗೆ ಇದನ್ನು ಈಗಲೇ ಹೇಳಿಡಿ.